ಬಿರುಗಾಳಿಯವರು ರಸ್ತೆಗಿಳಿದದ್ದು

ಡ್ರೈವಿಂಗ್ ಸ್ಕೂಲಿನ ಕಾರಿನ ಹಿಂದಿನ ಸೀಟಿನಿಂದ ಹದಿನೇಳು ವರ್ಷ ದಿನಾ ಬೆಳಿಗ್ಗೆ ಅದೇ ಮನುಷ್ಯ ಇಳಿಯುತ್ತಿದ್ದರೆ ಬೀದಿಯವರು ಏನೆಂದುಕೊಳ್ಳಬೇಕು? ಪಾಪ, ಇನ್ನೂ ಕಲಿಯುತ್ತಲೇ ಇದ್ದಾರೆ ಎಂದುಕೊಳ್ಳಬೇಕು. ಎದುರಿನ ಔಷಧಿ ಅಂಗಡಿಯವರು ಹಾಗೆಯೇ ಅಂದುಕೊಂಡಿದ್ದರು. ಒಂದು ದಿನ ರಸ್ತೆ ದಾಟಿ ಬಂದು, ಬೇಸರ ಮಾಡಿಕೊಳ್ಳಬೇಡಿ, ಕೆಲವರಿಗೆ ತಡವಾಗಿ ಹತ್ತುತ್ತೆ ಎಂದು ಸಮಾಧಾನವನ್ನೂ ಹೇಳಿ ಹೋದರು. ಹಾಗೆ ಕಾರಿನಿಂದ ಇಳಿಯುತ್ತಿದ್ದ ಕನ್ನಡಕದ ಅಂಗಡಿಯ ಯಜಮಾನರಿಗೆ ಅಂದು ಮಧ್ಯಾಹ್ನದ ಊಟ ರುಚಿಸಲಿಲ್ಲ.

ನಿಜ ಸಂಗತಿ ಬೇರೆ. ಆ ಕಾರು ಅವರ ಹೆಂಡತಿಯದು. ಆಕೆ ಡ್ರೈವಿಂಗ್ ಸ್ಕೂಲಿನ ಒಡತಿ ಮತ್ತು ಅದರ ಏಕೈಕ ಅಧ್ಯಾಪಕಿ, ಸುತ್ತಮುತ್ತಲಿನವರಿಗೆಲ್ಲ ಟೀಚರಮ್ಮ. ಬೆಳಗಿನ ಮೊದಲ ಪಾಠದ ದಾರಿಯಲ್ಲೇ ಗಂಡನ ಅಂಗಡಿ ಸಿಗುವುದರಿಂದ, ಸರದಿಗೆ ಕಾದಿರುವ ಇಬ್ಬರು ಶಿಷ್ಯರ ನಡುವೆ ಅವರನ್ನೂ ತುರುಕಿ ತಂದು ಇಳಿಸಿ ಹೋಗುವುದು ಆಕೆಯ ರೂಢಿ. ಅವರೇ ಕಾರು ಕಲಿಯಬಾರದಿತ್ತೇ ಎಂದು ಕೇಳಬೇಡಿ. ಮದುವೆಯಾದ ಹೊಸತರಲ್ಲಿ ಒಮ್ಮೆ ಅವರು ಹೆಂಡತಿಯ ಪಕ್ಕ ಕಲಿಯಲು ಕುಳಿತದ್ದುಂಟು. ಪಾಠ ನಡೆದದ್ದು ಇಪ್ಪತ್ತು ನಿಮಿಷ, ಮಾತು ನಿಂತದ್ದು ನಾಲ್ಕು ದಿನ. ಅಂದಿನಿಂದ ಇಬ್ಬರೂ ಆ ವಿಷಯ ಎತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಯಜಮಾನರು ಮನೆಗೆ ಒಂದು ಯಂತ್ರ ತಂದರು. ರೇಸ್ ಕಾರಿನ ಸೀಟು, ಅದರದೇ ಸ್ಟೀರಿಂಗು, ಕಾಲಡಿಗೆ ಮೂರು ಪೆಡಲು, ಎದುರಿಗೆ ಗೋಡೆಯಗಲದ ಪರದೆ. ಎಲ್ಲವೂ ಕೆಳಗಿನ ಮಧ್ಯದ ಕೋಣೆಯಲ್ಲಿ ಪ್ರತಿಷ್ಠಾಪನೆಯಾಯಿತು. ಕುಳಿತಲ್ಲೇ ದೇಶವಿದೇಶದವರ ಜೊತೆ ಪೈಪೋಟಿ ಓಡಿಸಬಹುದಿತ್ತು. ಅಲ್ಲಿ ಯಜಮಾನರು ಇಟ್ಟುಕೊಂಡ ಹೆಸರು ಬಿರುಗಾಳಿ. ಹಗಲೆಲ್ಲ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಿಸುತ್ತ, ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ ಎಂದು ಮೆತ್ತಗೆ ಕೇಳುವ ಈ ಸಾಧು ಮನುಷ್ಯ ಸಂಜೆ ಆ ಸೀಟಿನಲ್ಲಿ ಕುಳಿತರೆಂದರೆ ಗಂಟೆಗೆ ಇನ್ನೂರ ಅರವತ್ತು ಕಿಲೋಮೀಟರು. ನೇರ ರಸ್ತೆ ಸಿಕ್ಕಾಗ ಒಂದು ಕೈಯಲ್ಲಿ ಕಾಫಿ ಕುಡಿಯುತ್ತಿದ್ದರು. (ಮೀಸೆಗೂ ಒಂದು ಹನಿ ತಾಗುತ್ತಿರಲಿಲ್ಲ.) ನಾವೂ ಇನ್ನು ಅವರನ್ನು ಬಿರುಗಾಳಿಯವರು ಎಂದೇ ಕರೆಯೋಣ, ಮನೆಯಲ್ಲಂತೂ ಯಾರೂ ಕರೆಯುತ್ತಿರಲಿಲ್ಲ.

ಯಂತ್ರ ಬಂದ ಮೇಲೆ ಬಿರುಗಾಳಿಯವರ ಮಾತಿನ ಧಾಟಿಯೇ ಬದಲಾಯಿತು. ಊಟಕ್ಕೆ ಕುಳಿತರೆ ತಿರುವಿನ ಗಣಿತ, ಮಲಗಲು ಹೋದರೆ ಟಯರಿನ ಶಾಸ್ತ್ರ. ಹೆಂಡತಿ ಗಂಟೆಗೆ ನಲವತ್ತು ಕಿಲೋಮೀಟರಿನಲ್ಲಿ ಕಾರು ಓಡಿಸುವಾಗ ಹಿಂದಿನಿಂದ ಕೆಮ್ಮಿ, ನಮ್ಮ ಟ್ರ್ಯಾಕಿನಲ್ಲಿ ಕಸ ಗುಡಿಸುವ ಗಾಡಿಯೂ ಇಷ್ಟು ನಿಧಾನ ಹೋಗುವುದಿಲ್ಲ ಎನ್ನುವರು. ಶಿಷ್ಯರ ಮುಂದೆ ಹೀಗಂದರೆ ಯಾವ ಗುರುವಿಗೆ ಸಿಟ್ಟು ಬಾರದು? ಟೀಚರಮ್ಮ ಮಾತ್ರ ಕೇಳಿಸದವರಂತೆ ಕೂತಿರುತ್ತಿದ್ದರು. ಇಲ್ಲಿಯವರೆಗೆ ಸಾವಿರ ಜನರಿಗೆ ಕಾರು ಕಲಿಸಿದವರ ತಾಳ್ಮೆ ಅದು, ಸಾಮಾನ್ಯದ್ದಲ್ಲ.

ಟೀಚರಮ್ಮನ ಪಾಠದಲ್ಲಿ ಒಂದು ಕ್ರಮವಿತ್ತು. ಕಾರಿನಲ್ಲಿ ವೇಗ ತೋರಿಸುವ ಮುಳ್ಳಿನ ಮೇಲೆ ಅವರು ರಟ್ಟಿನ ಒಂದು ಬಿಲ್ಲೆ ಅಂಟಿಸಿದ್ದರು. ಮುಳ್ಳು ನೋಡುವವರು ರಸ್ತೆ ನೋಡುವುದಿಲ್ಲ ಎಂಬುದು ಅವರ ಸಿದ್ಧಾಂತ. ನಡುನಡುವೆ, ಈಗ ವೇಗ ಎಷ್ಟು ಎಂದು ಶಿಷ್ಯರನ್ನು ಕೇಳಿ, ಉತ್ತರ ಬಂದ ಮೇಲೆ ಬಿಲ್ಲೆ ಎತ್ತಿ ತೋರಿಸುತ್ತಿದ್ದರು. ಹತ್ತನೆಯ ದಿನಕ್ಕೆ ಎಂಥ ದಡ್ಡನೂ ಐದು ಕಿಲೋಮೀಟರಿನ ಒಳಗೆ ಸರಿಯಾಗಿ ಹೇಳುತ್ತಿದ್ದ. ಹಿಂದಿನ ಸೀಟಿನ ಬಿರುಗಾಳಿಯವರು ಇದನ್ನು ಬಾಲಪಾಠವೆಂದು ಕಡೆಗಣಿಸಿ ಕಿಟಕಿಯಾಚೆ ನೋಡುತ್ತಿದ್ದರು.

ಹೀಗಿರುವಾಗ ಬಿರುಗಾಳಿಯವರ ಅತ್ತೆಗೆ ಬಲ ಮಂಡಿಯ ಆಪರೇಷನ್ ಆಯಿತು. ಇನ್ನು ಮೂರು ತಿಂಗಳು ಮೆಟ್ಟಿಲು ಹತ್ತುವಂತಿಲ್ಲ, ಮಗಳ ಮನೆಯಲ್ಲೇ ಇರಲಿ ಎಂದರು ಡಾಕ್ಟರು. ಕೆಳಗಡೆ ಇರುವುದು ಒಂದೇ ಕೋಣೆ. ಆ ಕೋಣೆಯಲ್ಲಿ ಯಂತ್ರ.

ಯಂತ್ರವನ್ನು ಬಿಚ್ಚಿ ಯಾರಿಗಾದರೂ ಕೊಟ್ಟುಬಿಡೋಣ ಎಂದು ಟೀಚರಮ್ಮ ಹೇಳಿದಾಗ ಬಿರುಗಾಳಿಯವರು ಅದರ ಸೀಟನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಮುಂದಿನ ಹಾಲಿನಲ್ಲಿ ಇಡೋಣವೆಂದರು. ಹಾಲಿನಲ್ಲಿ ಇಟ್ಟರೆ ಬಂದವರು ಎಲ್ಲಿ ಕೂರಬೇಕು ಎಂದರು ಟೀಚರಮ್ಮ. ಬಂದವರು ಸರದಿಯ ಮೇಲೆ ಯಂತ್ರದಲ್ಲೇ ಕೂರಲಿ ಎಂದರು ಬಿರುಗಾಳಿಯವರು. ಮಹಡಿಗೆ ಏರಿಸೋಣವೆಂದರು. ಎರಡು ವರ್ಷದ ಹಿಂದೆ ಅದೇ ಪ್ರಯತ್ನ ಮಾಡಿ ಮೆಟ್ಟಿಲ ತಿರುವಿನಲ್ಲಿ ಅದು ಸಿಕ್ಕಿಕೊಂಡು, ಅದರ ಹಿಂದೆ ಬಿರುಗಾಳಿಯವರೂ ಸಿಕ್ಕಿಕೊಂಡದ್ದನ್ನು ಟೀಚರಮ್ಮ ನೆನಪಿಸಿದರು.

"ಅದೇನು ಆಟದ ಸಾಮಾನು ಅಂದ್ಕೊಂಡಿದ್ದೀಯಾ? ಅದು ಪಾಠಶಾಲೆ ಕಣೇ. ನಿನ್ನ ಸ್ಕೂಲಲ್ಲಿ ಒಂದು ವರ್ಷ ಕಲಿಯೋದನ್ನ ನಾನು ಅದರಲ್ಲಿ ಒಂದು ವಾರದಲ್ಲಿ ಕಲ್ತಿದ್ದೀನಿ."

"ಹೌದಾ? ಹಾಗಾದ್ರೆ ಪರೀಕ್ಷೆ ಕೊಡಿ."

ಟೀಚರಮ್ಮನ ಷರತ್ತು ಹೀಗಿತ್ತು. ಶನಿವಾರ ಅಮ್ಮನನ್ನು ಆಸ್ಪತ್ರೆಯಿಂದ ಕರೆತರಲು ಹೋಗಿ ಬರುವಾಗ ಕಾರನ್ನು ಬಿರುಗಾಳಿಯವರೇ ಓಡಿಸಬೇಕು. (ಕಲಿಯುವವರ ಲೈಸೆನ್ಸ್ ಅವರ ಹತ್ತಿರ ಇತ್ತು. ಬರವಣಿಗೆಯ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದದ್ದನ್ನು ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದರು.) ದಾರಿಯಲ್ಲಿ ಮೂರು ಸಲ ವೇಗ ಎಷ್ಟೆಂದು ಕೇಳಲಾಗುವುದು. ಮೂರರಲ್ಲಿ ಒಂದೇ ಒಂದು ಸಲ, ಹತ್ತು ಕಿಲೋಮೀಟರು ಆಚೆ ಈಚೆ ಆದರೂ ಚಿಂತೆಯಿಲ್ಲ, ಸರಿಯಾಗಿ ಹೇಳಿದರೆ ಯಂತ್ರ ಕೋಣೆಯಲ್ಲೇ ಇರುತ್ತದೆ, ಅಮ್ಮ ಹಾಲಿನಲ್ಲಿ ಮಲಗುತ್ತಾರೆ. ಹೇಳದಿದ್ದರೆ ಅಂದೇ ಯಂತ್ರಕ್ಕೆ ಸ್ಪ್ಯಾನರ್.

ಬಿರುಗಾಳಿಯವರು ಮನಸ್ಸಿನಲ್ಲೇ ನಕ್ಕರು. ಇನ್ನೂರ ಅರವತ್ತನ್ನು ಅರೆದು ಕುಡಿದವನಿಗೆ ನಲವತ್ತರ ಲೆಕ್ಕ ಕೇಳುತ್ತಾಳೆ! ಹತ್ತು ಆಚೆ ಈಚೆ ಯಾಕೆ, ಐದು ಸಾಕು ಎಂದೂ ಉದಾರವಾಗಿ ಹೇಳಿದರು. ಬೇಡ, ಹತ್ತೇ ಇರಲಿ ಎಂದರು ಟೀಚರಮ್ಮ. ಆ ಹೆಂಗಸಿಗೆ ಗಂಡನ ಮೇಲೆ ನಿಜವಾಗಿಯೂ ಅಷ್ಟು ಅಕ್ಕರೆ ಇತ್ತು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರು ಹೊರಟಿತು. ಹೊರಟಿತು ಎನ್ನುವ ಮೊದಲು ಮೂರು ಸಲ ನಿಂತಿತು. ಯಂತ್ರದ ಕ್ಲಚ್ಚು ಬೆಣ್ಣೆಯಂತಿತ್ತು, ಇದು ಒದ್ದುಕೊಂಡಿತು. ಟೀಚರಮ್ಮನ ಕಾಲ ಕೆಳಗೆ ಇನ್ನೊಂದು ಬ್ರೇಕಿತ್ತು. ತಾನು ಅದನ್ನು ಮುಟ್ಟುವುದಿಲ್ಲ, ತೀರಾ ಪ್ರಾಣಕ್ಕೆ ಬಂದರೆ ಮಾತ್ರ ಎಂದು ಹೇಳಿ, ಅದು ಕಾಣಲೆಂದೇ ಎರಡೂ ಕಾಲನ್ನು ಹಿಂದಕ್ಕೆಳೆದುಕೊಂಡು ಕುಳಿತರು. ನಾಲ್ಕನೆಯ ಸಲ ಕಾರು ಗೇಟು ದಾಟಿ ರಸ್ತೆಗೆ ಬಿತ್ತು.

ಆಗ ಬಿರುಗಾಳಿಯವರಿಗೆ ಆದ ಆಘಾತವನ್ನು ಹೇಗೆ ಹೇಳುವುದು? ಪಕ್ಕದ ಮನೆಯ ಕಾಂಪೌಂಡು ಗೋಡೆ ಎದ್ದು ಅವರ ಕಡೆಗೆ ನುಗ್ಗಿ ಬಂತು. ಅದರ ಹಿಂದೆ ಒಂದು ದೀಪದ ಕಂಬ. ಯಂತ್ರದಲ್ಲಿ ಗೋಡೆ ಕಂಬಗಳು ಬಂದರೂ ಪರದೆಯ ಅಂಚಿಗೆ ಬಂದು ಸಭ್ಯವಾಗಿ ಮಾಯವಾಗುತ್ತಿದ್ದವು. ಇಲ್ಲಿ ಅವು ಎರಡೂ ಕಿವಿಯ ಪಕ್ಕದಿಂದ ಹಾದು ಬೆನ್ನ ಹಿಂದೆ ಹೋಗುತ್ತಿದ್ದವು, ಹೋದದ್ದು ಗೊತ್ತಾಗುತ್ತಿತ್ತು. ಸೀಟು ನಡುಗಿತು. ಅಂಗಾಲು ನಡುಗಿತು. ದೇಹ ಮುಂದೆ ಹೋಯಿತು, ಹೊಟ್ಟೆ ಮಾತ್ರ ಗೇಟಿನ ಹತ್ತಿರವೇ ಉಳಿಯಿತು. ಒಂದು ನಾಯಿ ರಸ್ತೆ ದಾಟಲೋ ಬೇಡವೋ ಎಂದು ಯೋಚಿಸುತ್ತ ನಿಂತಿತ್ತು. ಯಂತ್ರದ ಲೋಕದಲ್ಲಿ ನಾಯಿಗಳಿರಲಿಲ್ಲ, ಯೋಚಿಸುವ ನಾಯಿಗಳಂತೂ ಇರಲೇ ಇಲ್ಲ. ಬಿರುಗಾಳಿಯವರು ಸ್ಟೀರಿಂಗನ್ನು ತಬ್ಬಿಕೊಂಡರು.

"ವೇಗ ಎಷ್ಟು?" ಎಂದರು ಟೀಚರಮ್ಮ.

ಬಿರುಗಾಳಿಯವರು ನಾಲಿಗೆಯಿಂದ ತುಟಿ ಸವರಿಕೊಂಡು, ಎಂಬತ್ತೈದು ಎಂದರು. ತೊಂಬತ್ತು ಅನ್ನಿಸಿತ್ತು, ಹೆಂಡತಿ ಹೆದರಬಾರದೆಂದು ಐದು ಕಡಿಮೆ ಮಾಡಿದ್ದರು.

ಟೀಚರಮ್ಮ ಬಿಲ್ಲೆ ಎತ್ತಿದರು. ಹತ್ತೊಂಬತ್ತು.

ಮುಳ್ಳು ಕೆಟ್ಟಿದೆ ಎಂದರು ಬಿರುಗಾಳಿಯವರು. ಸಾವಿರ ಜನ ನೋಡಿದ ಮುಳ್ಳು ಅದು, ಇವರೊಬ್ಬರ ಪಾಲಿಗೆ ಕೆಟ್ಟಿತೆಂದು ವಾದ ಹೂಡಿದರು. ಅಷ್ಟರಲ್ಲಿ ಸೈಕಲ್ಲಿನ ಎರಡೂ ಕಡೆ ಹಾಲಿನ ಕ್ಯಾನು ಕಟ್ಟಿಕೊಂಡ ಒಬ್ಬರು ಪಕ್ಕದಲ್ಲೇ ಕಾರನ್ನು ದಾಟಿ, ಮುಂದೆ ಹೋಗಿ, ತಿರುಗಿ ನೋಡಿ, ಏನಾದರೂ ಸಹಾಯ ಬೇಕೇ ಎಂದು ಕೇಳಿದರು. ವಾದ ಅಲ್ಲಿಗೆ ನಿಂತಿತು.

"ನಿಮ್ಮ ಯಂತ್ರದಲ್ಲಿ ಓಡೋದು ಕಣ್ಣು ಒಂದೇ ಕಣ್ರೀ. ಇಲ್ಲಿ ಮೈಯೆಲ್ಲ ಓಡುತ್ತೆ. ಅಲ್ಲಿ ಗುದ್ದಿದ್ರೆ ಗುಂಡಿ ಒತ್ತಿ ಮತ್ತೆ ಶುರು ಮಾಡ್ತೀರಿ. ಇಲ್ಲಿ ಆ ಗುಂಡಿ ಇಲ್ಲ ಅಂತ ನಿಮ್ಮ ಹೊಟ್ಟೆಗೆ ಗೊತ್ತಾಗಿದೆ, ಅದಕ್ಕೇ ಹತ್ತೊಂಬತ್ತು ಎಂಬತ್ತೈದಾಗಿ ಕಾಣ್ತಾ ಇದೆ."

ಈ ಮಾತಿನಲ್ಲಿ ತಿರುಳಿದೆ ಎಂದು ಬಿರುಗಾಳಿಯವರಿಗೂ ಅನ್ನಿಸಿತು. ಆದರೆ ಅವರು ಕನ್ನಡಕದವರು. ಕಣ್ಣಿಗೊಂದು ದೋಷವಿದ್ದರೆ ಆ ದೋಷಕ್ಕೊಂದು ನಂಬರಿರುತ್ತದೆ, ನಂಬರು ಸಿಕ್ಕರೆ ಮುಗಿಯಿತು. ಅನ್ನಿಸಿದ್ದು ಎಂಬತ್ತೈದು, ಇದ್ದದ್ದು ಹತ್ತೊಂಬತ್ತು. ಹತ್ತಿರ ಹತ್ತಿರ ನಾಲ್ಕೂವರೆ ಪಾಲು. ಇನ್ನು ಮೇಲೆ ಅನ್ನಿಸಿದ್ದನ್ನು ನಾಲ್ಕೂವರೆಯಿಂದ ಭಾಗಿಸಿದರಾಯಿತು. ಇಷ್ಟು ಹೊಳೆದದ್ದೇ ಅವರ ಬೆನ್ನು ನೆಟ್ಟಗಾಯಿತು. ಗೆದ್ದೇ ಬಿಟ್ಟೆ ಅಂದುಕೊಂಡರು.

ಮುಂದಿನ ವೃತ್ತದಲ್ಲಿ ಕೆಂಪು ದೀಪ. ಎಡಗಡೆ ಒಂದು ದೊಡ್ಡ ಬಸ್ಸು ಒತ್ತಿಕೊಂಡು ಬಂದು ನಿಂತಿತು. ಬಿರುಗಾಳಿಯವರು ದೀಪವನ್ನೇ ನೋಡುತ್ತ ಮನಸ್ಸಿನಲ್ಲಿ ಮಗ್ಗಿ ಹೇಳಿಕೊಳ್ಳುತ್ತಿದ್ದರು. ಇದ್ದಕ್ಕಿದ್ದಂತೆ ಬಸ್ಸಿನ ಕಿಟಕಿಗಳು ಒಂದೊಂದಾಗಿ ಹಿಂದಕ್ಕೆ ಜಾರತೊಡಗಿದವು. ಅಯ್ಯೋ, ಕಾರು ಮುಂದೆ ಹೋಗುತ್ತಿದೆ! ಎದುರಿಗೆ ಲಾರಿಗಳು ಅಡ್ಡ ಹಾಯುತ್ತಿವೆ! ಬಿರುಗಾಳಿಯವರು ಎರಡೂ ಕಾಲಿನಿಂದ ಬ್ರೇಕು ತುಳಿದರು. ಕಾರು ನಿಲ್ಲಲಿಲ್ಲ. ಸೀಟಿನಿಂದ ಎದ್ದು ತುಳಿದರು. ಆಗಲೂ ನಿಲ್ಲಲಿಲ್ಲ.

"ಈಗ ವೇಗ ಎಷ್ಟು?" ಎಂದರು ಟೀಚರಮ್ಮ, ಅದೇ ಸಮಯ ನೋಡಿ.

ನೂರು ಅನ್ನಿಸುತ್ತಿತ್ತು. ಅಂಥ ಪ್ರಾಣಸಂಕಟದಲ್ಲೂ ಬಿರುಗಾಳಿಯವರು ಭಾಗಾಕಾರ ಬಿಡಲಿಲ್ಲ. "ಇಪ್ಪತ್ತೆರಡು," ಎಂದು ಕಿರುಚಿದರು.

ಬಿಲ್ಲೆಯ ಕೆಳಗೆ ಮುಳ್ಳು ಸೊನ್ನೆಯ ಮೇಲೆ ನೆಮ್ಮದಿಯಾಗಿ ಮಲಗಿತ್ತು. ಕಾರು ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ. ಬಸ್ಸಿನ ಡ್ರೈವರು ಅಡ್ಡ ಹಾಯುವ ಲಾರಿಗಳಿಗೆ ಜಾಗ ಮಾಡಿಕೊಡಲೆಂದು ಬಸ್ಸನ್ನು ಹಿಂದಕ್ಕೆ ಬಿಡುತ್ತಿದ್ದರು, ಅಷ್ಟೇ. ಕಿಟಕಿಯಲ್ಲಿ ಕುಳಿತ ಪ್ರಯಾಣಿಕರೊಬ್ಬರು, ನಿಂತ ಕಾರಿನಲ್ಲಿ ಎದ್ದು ನಿಂತು ಬ್ರೇಕು ತುಳಿಯುತ್ತಿರುವ ಮನುಷ್ಯನನ್ನು ಬಸ್ಸು ಹಿಂದೆ ಸರಿಯುವವರೆಗೂ ಬಾಯಿ ತೆರೆದು ನೋಡಿದರು.

ಬಸ್ಸು ಚಲಿಸಿದರೆ ತಾನು ಚಲಿಸುವ ಈ ಮೈಯನ್ನು ನಂಬುವುದು ಹೇಗೆ? ಕಣ್ಣನ್ನು ನಂಬುವುದು ಹೇಗೆ? ಹದಿನೇಳು ವರ್ಷ ಊರಿನ ಕಣ್ಣು ತಿದ್ದಿದ ಮನುಷ್ಯನಿಗೆ ತನ್ನ ಕಣ್ಣೇ ಸಾಕ್ಷಿ ಹೇಳಲು ಒಪ್ಪಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಭಾಗಾಕಾರದ ಮೇಲಿನ ನಂಬಿಕೆಯೇ ಹೊರಟುಹೋಯಿತು. ಮೂರರಲ್ಲಿ ಇನ್ನು ಉಳಿದದ್ದು ಒಂದೇ ಪ್ರಶ್ನೆ. ಸ್ಪ್ಯಾನರ್ ಕಣ್ಣ ಮುಂದೆ ಬಂತು. ಅವರ ಎರಡು ವರ್ಷದ ಸಂಜೆಗಳೆಲ್ಲ ಆ ಸೀಟಿನಲ್ಲಿದ್ದವು. ಅದು ಹೋದರೆ ಸಂಜೆ ಆರಕ್ಕೆ ಮನುಷ್ಯ ಎಲ್ಲಿಗೆ ಹೋಗಬೇಕು?

ಸಾಮಾನ್ಯವಾಗಿ ಹದಿನೈದು ನಿಮಿಷ ಹಿಡಿಯುವ ದಾರಿ ಅಂದು ಒಂದು ಗಂಟೆ ಹಿಡಿಯಿತು. ಅತ್ತೆ ಆಸ್ಪತ್ರೆಯ ಬಾಗಿಲಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತು, ಕಾದು, ಕಾವಲುಗಾರರ ಮನೆಯ ಕಥೆಯನ್ನೆಲ್ಲ ಕೇಳಿ ಮುಗಿಸಿದ್ದರು. ಅವರನ್ನು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿದ್ದಾಯಿತು. ಅತ್ತೆಯ ಹೊಲಿಗೆ ಹಾಕಿದ ಮಂಡಿ ಹಿಂದಿದೆ ಎಂಬ ಎಚ್ಚರದಲ್ಲಿ ಬಿರುಗಾಳಿಯವರು ಉಸಿರು ಬಿಗಿಹಿಡಿದು ಓಡಿಸಿದರು. ಟೀಚರಮ್ಮ ಹೊರಗಿನ ದೊಡ್ಡ ರಸ್ತೆ ಹಿಡಿಯಲು ಹೇಳಿದರು. ಅಲ್ಲಿ ಹಳ್ಳ ದಿಣ್ಣೆಗಳಿಲ್ಲ, ಅಮ್ಮನಿಗೆ ಹಿತ. ನಾಲ್ಕು ಸಾಲು ವಾಹನ ಹೋಗುವ ನುಣುಪು ರಸ್ತೆ. ಬಿರುಗಾಳಿಯವರ ಕಣ್ಣಿಗೆ ಅದು ರಸ್ತೆಯಾಗಿ ಕಾಣಲಿಲ್ಲ, ಜಾರುಬಂಡೆಯಾಗಿ ಕಂಡಿತು. ಗಾಳಿ ಕಿವಿಯಲ್ಲಿ ಮೊರೆಯಿತು. (ಹಿಂದಿನ ಕಿಟಕಿ ಇಳಿಸಿತ್ತು.)

ಸುಮಾರು ದೂರ ಹೋದ ಮೇಲೆ ಅತ್ತೆ ಮೆಲ್ಲಗೆ ಕೇಳಿದರು: "ಅಳಿಯಂದಿರೇ, ಗಾಡಿ ಹೊರಟಿತಾ?"

ಉತ್ತರ ಕೊಡುವಷ್ಟು ಪುರುಸೊತ್ತು ಅಳಿಯಂದಿರಿಗೆ ಇರಲಿಲ್ಲ. ಏಕೆಂದರೆ ಮುಂದೆ ಪೊಲೀಸರೊಬ್ಬರು ರಸ್ತೆಗೆ ಬಂದು ಕೈ ಅಡ್ಡ ಮಾಡಿದ್ದರು. ಅವರ ಇನ್ನೊಂದು ಕೈಯಲ್ಲಿ ವೇಗ ಅಳೆಯುವ ಉಪಕರಣ. ಬಿರುಗಾಳಿಯವರು ಕಾರು ನಿಲ್ಲಿಸಿದರು.

"ಸಾರ್, ಎಷ್ಟು ವೇಗದಲ್ಲಿ ಬರ್ತಾ ಇದ್ರಿ ಅಂತ ಗೊತ್ತಾ ನಿಮಗೆ?"

ಬಿರುಗಾಳಿಯವರು ಹೆಂಡತಿಯ ಕಡೆ ನೋಡಿದರು. ಟೀಚರಮ್ಮ ತಲೆಯಾಡಿಸಿದರು. "ಹೇಳಿ. ಮೂರನೇದು ಇದೇ ಅಂತ ಇಟ್ಕೊಳ್ಳೋಣ."

ಅನ್ನಿಸಿದ್ದು ಎಪ್ಪತ್ತು. ಆ ಗಳಿಗೆಯಲ್ಲಿ ಅವರು ಹಳೆಯ ಭಾಗಾಕಾರವನ್ನೇ ಮಾಡಿದ್ದರೆ ಹದಿನೈದು ಹದಿನಾರು ಬರುತ್ತಿತ್ತು, ಈ ಕಥೆ ಬೇರೆ ರೀತಿ ಮುಗಿಯುತ್ತಿತ್ತು. ಆದರೆ ಅವರ ಬುದ್ಧಿ ಬೇರೆ ದಾರಿ ಹಿಡಿಯಿತು. ಕಣ್ಣನ್ನು ನಂಬುವಂತಿಲ್ಲ, ಮೈಯನ್ನು ನಂಬುವಂತಿಲ್ಲ, ಪೊಲೀಸರನ್ನಾದರೂ ನಂಬಬಹುದಲ್ಲ? ಕೈಯಲ್ಲಿ ಉಪಕರಣ ಹಿಡಿದು ಅಡ್ಡಗಟ್ಟಿದ್ದಾರೆಂದರೆ ಮಿತಿ ಮೀರಿದ್ದೇ ಸರಿ. ಅಲ್ಲಿಯ ಮಿತಿ ಅರವತ್ತು ಎಂದು ಬೋರ್ಡು ಬೇರೆ ಇತ್ತು. ತಾನು ಮಿತಿ ಮೀರಿದವನು ಎಂದು ಗೊತ್ತಾದ ಕೂಡಲೇ ಬಿರುಗಾಳಿಯವರ ಭಯದ ಒಳಗೆ ಎಲ್ಲೋ ಒಂದು ಸಣ್ಣ ಹೆಮ್ಮೆಯೂ ತಲೆಯೆತ್ತಿತು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮನೆಯವರ ಮುಂದೆ ಗಂಭೀರವಾಗಿ ಒಪ್ಪಿಕೊಂಡರು: "ಎಪ್ಪತ್ತೈದು ದಾಟಿರಬಹುದು. ತಪ್ಪಾಯ್ತು. ರಸ್ತೆ ನೇರವಾಗಿ ಸಿಕ್ಕಿದ್ರೆ ನನ್ನ ಕಾಲು ನನ್ನ ಮಾತು ಕೇಳಲ್ಲ."

ಪೊಲೀಸರು ಉಪಕರಣವನ್ನು ತಿರುಗಿಸಿ ತೋರಿಸಿದರು. ಹನ್ನೊಂದು.

"ಹಿಂದೆ ಒಂದು ಸಲ ನೋಡಿ ಸಾರ್," ಎಂದರು.

ಬಿರುಗಾಳಿಯವರು ತಿರುಗಿ ನೋಡಿದರು. ಕಣ್ಣು ಹಾಯುವಷ್ಟು ದೂರ ವಾಹನಗಳ ಸಾಲು. ಎಲ್ಲಕ್ಕಿಂತ ಮುಂದೆ ನಿಂತದ್ದು ಒಂದು ಶವವಾಹನ. ಅದರೊಳಗೆ ಮಲಗಿದ್ದವರಿಗೆ ಯಾವ ಅವಸರವೂ ಇರಲಿಲ್ಲ ನಿಜ, ಆದರೂ ಹಾರ್ನು ಹೊಡೆಯುತ್ತಿದ್ದದ್ದು ಅದೇ. ಅದರ ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ನಾನು ಈ ಕೆಲಸಕ್ಕೆ ಸೇರಿ ಇಪ್ಪತ್ತು ವರ್ಷವಾಯಿತು, ಇಷ್ಟು ನಿಧಾನವಾಗಿ ಯಾರನ್ನೂ ಒಯ್ದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಸಂಚಾರಕ್ಕೆ ಅಡ್ಡಿ ಎಂದು ಚೀಟಿ ಬರೆಯುವಾಗ ಪೊಲೀಸರು ಟೀಚರಮ್ಮನ ಮುಖ ಗುರುತು ಹಿಡಿದರು. ಅವರೂ ಅದೇ ಸ್ಕೂಲಿನ ಶಿಷ್ಯರು. ಎಷ್ಟನೇ ದಿನದ ಪಾಠ ಮೇಡಂ ಎಂದು ಮರುಕದಿಂದ ಕೇಳಿದರು. ಟೀಚರಮ್ಮ ಇಳಿದು, ಗಂಡನನ್ನು ಈ ಕಡೆಯ ಸೀಟಿಗೆ ಸರಿಸಿ, ತಾವೇ ಸ್ಟೀರಿಂಗು ಹಿಡಿದರು. ಮನೆ ಮುಟ್ಟುವವರೆಗೆ ಮುಳ್ಳು ನಲವತ್ತು ಬಿಟ್ಟು ಕದಲಲಿಲ್ಲ. ಬೈದಿದ್ದರೆ ಬಿರುಗಾಳಿಯವರಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಟೀಚರಮ್ಮ ಮಹಡಿಯಿಂದ ಮಂಚ ಇಳಿಸಲು ಪಕ್ಕದ ಮನೆಯವರನ್ನು ಕರೆಯಲು ಹೋದರು. ಅತ್ತೆ ಮಧ್ಯದ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತರು. ಬಿರುಗಾಳಿಯವರು ಕೊನೆಯ ಸಲ ಎಂದು ಯಂತ್ರದಲ್ಲಿ ಕುಳಿತರು. ಹೋಗುವುದು ಹೇಗೂ ಹೋಗುತ್ತದೆ, ಇನ್ನೂರ ಅರವತ್ತರಲ್ಲಿ ಒಂದು ಸುತ್ತು ಹೊಡೆದು ಗೌರವದಿಂದ ಬೀಳ್ಕೊಡೋಣ ಎಂಬ ಆಸೆ. ಪೈಪೋಟಿ ಶುರುವಾಯಿತು. ಮೊದಲ ತಿರುವು ಬಂತು.

ಕಾಲು ಬ್ರೇಕಿನ ಮೇಲೆ ಹೋಯಿತು.

ಎರಡು ವರ್ಷದಲ್ಲಿ ಎಂದೂ ಹಾಗೆ ಹೋಗಿರಲಿಲ್ಲ. ಬಿರುಗಾಳಿಯವರು ಬೆಚ್ಚಿಬಿದ್ದರು. ಅದನ್ನು ಎತ್ತಿ ಪಕ್ಕಕ್ಕಿಟ್ಟರು. ಮತ್ತೆ ಹೋಯಿತು. ಪರದೆಯ ಮೇಲಿನ ಗೋಡೆ ಇಷ್ಟು ದಿನ ಬರೀ ಬಣ್ಣವಾಗಿತ್ತು, ಈಗ ಗೋಡೆಯಾಗಿತ್ತು. ನೇರ ರಸ್ತೆಯಲ್ಲೂ ಅವರ ಕಣ್ಣು ಯೋಚಿಸುವ ನಾಯಿಗಳನ್ನು ಹುಡುಕಿತು. ದೇಶವಿದೇಶದ ಕಾರುಗಳೆಲ್ಲ ಎರಡೂ ಕಡೆಯಿಂದ ಸುಯ್ಯೆಂದು ದಾಟಿ ಹೋದವು, ಒಂದು ಸುತ್ತು ಮುಗಿಸಿ ಬಂದು ಮತ್ತೆ ದಾಟಿದವು. ಪರದೆಯ ಮೂಲೆಯಲ್ಲಿ ವೇಗ ಇಪ್ಪತ್ತೆಂಟು ಎಂದಿತ್ತು, ಅಷ್ಟಕ್ಕೇ ಅವರ ಅಂಗೈ ಒದ್ದೆ. ಕೊನೆಗೆ ದಾರಿಗೆ ಅಡ್ಡಿಯಾಗಿದ್ದೀರಿ ಎಂದು ಯಂತ್ರವೇ ಅವರನ್ನು ಹೊರಗೆ ಹಾಕಿತು. ಒಂದೇ ದಿನದಲ್ಲಿ ಎರಡು ಲೋಕಗಳಿಂದಲೂ ಅವರಿಗೆ ಬಹಿಷ್ಕಾರವಾಯಿತು.

ಅವರು ಎದ್ದು ಗೋಡೆಗೊರಗಿ ನಿಂತರು. ಅಳು ಬರುವುದೊಂದು ಬಾಕಿ.

ಈ ಕುರ್ಚಿ ಗಟ್ಟಿ, ಆ ಸೀಟು ಮೆತ್ತಗಿದೆ, ಕಾಲೂ ಚಾಚಬಹುದು, ಮಂಚ ಬರುವವರೆಗೆ ಅಲ್ಲಿ ಕೂರಿಸಿ ಎಂದರು ಅತ್ತೆ. ಬಿರುಗಾಳಿಯವರು ಕೈ ಹಿಡಿದು ಕೂರಿಸಿದರು. ಪರದೆಯ ಮೇಲೆ ಹೊಸ ಪೈಪೋಟಿ ತಾನಾಗಿಯೇ ಸಿದ್ಧವಾಗಿತ್ತು. ಡಾಕ್ಟರು ಪಾದ ಆಡಿಸುತ್ತಿರಬೇಕು ಅಂದಿದ್ದಾರೆ, ಈ ಪೆಡಲು ಒಳ್ಳೆಯದಾಯಿತು ಎನ್ನುತ್ತ ಅತ್ತೆ ಬಲಗಾಲು ಇಟ್ಟರು, ಒತ್ತಿದರು, ಒತ್ತಿದ್ದನ್ನು ತೆಗೆಯಲಿಲ್ಲ. ಪರದೆಯ ಮೇಲೆ ನೂರ ಎಂಬತ್ತು, ಇನ್ನೂರ ಹತ್ತು, ಇನ್ನೂರ ನಲವತ್ತು. ಗೋಡೆಗೆ ಗುದ್ದಿದರು. ನಕ್ಕರು. ಮತ್ತೆ ಶುರು ಮಾಡೋದು ಯಾವ ಗುಂಡಿ ಎಂದು ಕೇಳಿ, ಒತ್ತಿ, ಮತ್ತೆ ಹೊರಟರು. ನೋಡುತ್ತ ನಿಂತ ಅಳಿಯನಿಗೆ ತಲೆ ಸುತ್ತಿತು. ಅತ್ತೆ ಮಂಡಿಯನ್ನು ಮರೆತು ತಿರುವಿಗೆ ತಿರುವು ಮೈ ವಾಲಿಸುತ್ತಿದ್ದರು.

ಮುಕ್ಕಾಲು ಗಂಟೆಯ ಮೇಲೆ ಟೀಚರಮ್ಮ ಸ್ಪ್ಯಾನರ್ ಹಿಡಿದು ಒಳಗೆ ಬಂದರು. ಮಂಚ ಬಾಗಿಲಲ್ಲಿತ್ತು. ಪಂದ್ಯದ ವಿಷಯ ಅಮ್ಮನಿಗೆ ವಿವರಿಸಿ, ಇದನ್ನು ಬಿಚ್ಚಬೇಕು, ಏಳಮ್ಮ ಎಂದರು. ಅತ್ತೆ ಪರದೆಯಿಂದ ಕಣ್ಣು ತೆಗೆಯದೆ, ಮಂಚ ಆ ಗೋಡೆಯ ಪಕ್ಕ ಹಿಡಿಸುತ್ತೆ, ಇದು ಇಲ್ಲೇ ಇರಲಿ ಎಂದುಬಿಟ್ಟರು.

ಯಂತ್ರ ಉಳಿಯಿತು! ಬಿರುಗಾಳಿಯವರ ಎದೆಯಲ್ಲಿ ದೀಪ ಹೊತ್ತಿತು. ಇವತ್ತಲ್ಲದಿದ್ದರೆ ನಾಳೆ ಭಯ ಬಿಟ್ಟುಹೋಗುತ್ತದೆ, ನಾಡಿದ್ದು ಮತ್ತೆ ಇನ್ನೂರ ಅರವತ್ತು. ಅವರು ಕೈ ಒರೆಸಿಕೊಂಡು ಸೀಟಿನ ಹತ್ತಿರ ಬಂದು, ಅತ್ತೆ, ನಿಮ್ಮದಾದ ಮೇಲೆ ನಾನೊಂದು ಸ್ವಲ್ಪ ಕೂರಲೇ ಎಂದು ವಿನಯದಿಂದ ಕೇಳಿದರು.

"ನೀವು ಹೇಗೆ ಕೂರ್ತೀರಿ?" ಅತ್ತೆ ಗೇರು ಬದಲಿಸಿದರು. "ಪಂದ್ಯ ಸೋತಿದ್ದು ನೀವು, ನಾನಲ್ಲವಲ್ಲ. ಹೋಗ್ತಾ ಬಾಗಿಲು ಹಾಕ್ಕೊಂಡು ಹೋಗಿ ಅಳಿಯಂದಿರೇ, ಈ ತಿರುವು ಸ್ವಲ್ಪ ಕಷ್ಟದ್ದು."

ಬಿರುಗಾಳಿಯವರು ಮೆಲ್ಲಗೆ ಹೊರಗೆ ಬಂದು, ಸದ್ದಾಗದಂತೆ ಬಾಗಿಲು ಹಾಕಿಕೊಂಡರು.